ಹುಡುಗರಿಗೆ ಹೊಡೆಯುವ ದೊಣ್ಣೆ

ನಮ್ಮ ಯಜಮಾನರಿಗೆ ಮಾತು ಬರುತ್ತಿರಲಿಲ್ಲ. ಮೂಗರೇನಲ್ಲ. ಹೇಳಬೇಕಾದ ಮಾತಿನಲ್ಲಿ ಮುಖ್ಯವಾದ ಪದವೊಂದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಮಿಕ್ಕಿದ್ದನ್ನು ಮಾತ್ರ ಹೊರಗೆ ಬಿಡುತ್ತಿದ್ದರು. ‘ಅದು ಎಲ್ಲಿಟ್ಟಿದ್ದೀಯೇ?’ ಎಂದರೆ ಅದು ಚೊಂಬೋ, ರುಮಾಲೋ, ಬಾವಿ ಹಗ್ಗವೋ ನಾನೇ ಊಹಿಸಬೇಕು. ಮದುವೆಯಾದ ಹೊಸದರಲ್ಲಿ ಸಿಡುಕುತ್ತಿದ್ದೆ. ಆಮೇಲೆ ಅಭ್ಯಾಸವಾಗಿ, ಅವರು ನುಂಗಿದ ಪದ ನನಗೆ ತಾನಾಗಿಯೇ ಕೇಳಿಸತೊಡಗಿತು. ಲೋಕಕ್ಕೆ ಕೇಳಿಸಬೇಕಲ್ಲ? ಅಜ್ಜಂಪುರದಲ್ಲಿ ಅವರು ನುಂಗಿದ ‘ಚೆಂಡು’ ಎನ್ನುವ ಒಂದು ಪದ ನಮ್ಮ ಬಾಳನ್ನೇ ತಿಂದುಹಾಕಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಕಾಲದವರಿಗೆ ಗಂಡನ ಹೆಸರು ಬಾಯಿಗೂ ಬರುವುದಿಲ್ಲ, ಕೈಗೂ ಬರುವುದಿಲ್ಲ. ಮಿಕ್ಕವರ ಹೆಸರನ್ನೂ ಬರೆಯುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಇನ್ನೂ ಆ ಊರಲ್ಲೇ ಇದ್ದಾರೆ.

ಅವರು ಪಂಚನಹಳ್ಳಿ ಕಡೆಯವರು, ನಾನು ಯಗಟಿಯವಳು. ನನ್ನನ್ನು ಕೈಹಿಡಿದಾಗ ಮಹಾರಾಜರ ಕುದುರೆ ದಂಡಿನಲ್ಲಿ ಸವಾರರಾಗಿದ್ದರು. ದೊಡ್ಡ ಯುದ್ಧ ಶುರುವಾದ ಮೇಲೆ ಹಡಗು ಹತ್ತಿ ಈಜಿಪ್ಟಿನ ಕಡೆ ಹೋದರು; ಬಲಭುಜಕ್ಕೆ ಗುಂಡು ಹೊಕ್ಕು ಹಿಂದಿರುಗಿದರು. ಗಾಯ ಮಾಯಿತು. ಕೈ ಮಾತ್ರ ಎದೆಯ ಮಟ್ಟಕ್ಕಿಂತ ಮೇಲೆ ಏಳದೆ ನಿಂತುಬಿಟ್ಟಿತು. ತಲೆಗೆ ಎಣ್ಣೆ ಹಚ್ಚುವುದಕ್ಕೂ ರುಮಾಲು ಸುತ್ತುವುದಕ್ಕೂ ನಾನೇ ಬೇಕಾಗಿತ್ತು. ಬೆಳಗ್ಗೆ ಅವರನ್ನು ಮಣೆಯ ಮೇಲೆ ಕೂರಿಸಿ ಕೂದಲು ಬಾಚಿ ರುಮಾಲು ಸುತ್ತಿ ಕಳಿಸುವುದು ನನ್ನ ಮೊದಲ ಕೆಲಸ. ನಮಗೆ ಮಕ್ಕಳಾಗಲಿಲ್ಲ, ಬಾಚಿ ಕಳಿಸಲು ಇದ್ದ ತಲೆ ಅದೊಂದೇ.

ದಂಡಿನಿಂದ ಬಂದವರು ಎನ್ನುವ ಒಂದೇ ಮಾತಿನ ಮೇಲೆ ಅಜ್ಜಂಪುರದ ಶಾಲೆಯಲ್ಲಿ ಅವರಿಗೆ ಡ್ರಿಲ್ ಮೇಷ್ಟ್ರ ಕೆಲಸ ಸಿಕ್ಕಿತು. ಮೀಸೆ ನೋಡಿ ಕೊಟ್ಟರು ಎಂದೇ ನಾನು ಚೇಷ್ಟೆ ಮಾಡುತ್ತಿದ್ದೆ. ಕೈ ಎತ್ತಿ ತೋರಿಸಿ ಎಂದು ಯಾರೂ ಕೇಳಲಿಲ್ಲ, ಇವರೂ ತಾವಾಗಿ ಹೇಳಲಿಲ್ಲ. ಕೈ ಎತ್ತಲಾರದ ಡ್ರಿಲ್ ಮೇಷ್ಟ್ರು ಎಂದರೆ ಕುಂಟ ಓಟಗಾರ ಎಂದಂತೆ. ಮೇಲಿನವರಿಗೆ ಗೊತ್ತಾದ ದಿನವೇ ಕೆಲಸ ಹೋಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದಕ್ಕೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ದೊಡ್ಡ ತರಗತಿಯ ಎತ್ತರದ ಹುಡುಗನೊಬ್ಬನನ್ನು ಮುಂದೆ ನಿಲ್ಲಿಸಿ, ತಾವು ಬರೀ ಹುಕುಂ ಕೂಗುವುದು. ಹುಕುಂ ಇವರದು, ಕೈ ಆ ಹುಡುಗನದು. ಹುಡುಗರಿಗೆ ತಿಳಿಯದೆ ಇರುತ್ತದೆಯೇ? ವಾರ ಕಳೆಯುವುದರೊಳಗೆ ತಿಳಿದಿತ್ತು. ಆದರೆ ಒಬ್ಬನೂ ಮನೆಯಲ್ಲಿ ಬಾಯಿಬಿಡಲಿಲ್ಲ. ಈ ಮೇಷ್ಟ್ರು ಹೊಡೆಯುವುದಿಲ್ಲ ಎನ್ನುವುದೂ ಅವರಿಗೆ ಅಷ್ಟೇ ಬೇಗ ತಿಳಿದಿತ್ತು.

ನಿಜವಾಗಿ ಹೊಡೆಯುತ್ತಿರಲಿಲ್ಲ. ಶಾಲೆ ಎಂದರೆ ಬೆತ್ತ ಎನ್ನುವ ಕಾಲ ಅದು. ಇವರು ಬೆತ್ತವನ್ನೇ ಮುಟ್ಟುತ್ತಿರಲಿಲ್ಲ. ‘ಹೊಡೆದದ್ದು ಸಾಕಾಗೋಯ್ತು ಕಣೇ’ ಎಂದರು ಒಮ್ಮೆ. ಯಾರನ್ನು, ಎಲ್ಲಿ ಎನ್ನುವುದನ್ನು ಎಂದಿನಂತೆ ನುಂಗಿಕೊಂಡರು. ನಾನೂ ಕೆದಕಲಿಲ್ಲ.

ಗಾಯಾಳುಗಳ ಶಿಬಿರದಲ್ಲಿದ್ದಾಗ ಅಮೆರಿಕದ ಯಾರೋ ದೊರೆಯೊಬ್ಬ ಕೈಕಾಲು ಆಡಲೆಂದು ಸಿಪಾಯಿಗಳಿಗೆ ತನ್ನ ದೇಶದ ಚೆಂಡಾಟ ಕಲಿಸಿದ್ದನಂತೆ. ಬೇಸ್‌ಬಾಲು ಎಂದು ಅದರ ಹೆಸರು. ಒಬ್ಬ ಎಸೆಯುವುದು, ಇನ್ನೊಬ್ಬ ದುಂಡನೆಯ ದಪ್ಪ ದೊಣ್ಣೆಯಲ್ಲಿ ಬಾರಿಸಿ ನಾಲ್ಕು ಮೂಲೆ ಸುತ್ತಿ ಓಡಿಬರುವುದು. ಬರುವಾಗ ಇವರು ಅಂಥದೊಂದು ಹಳೆಯ ದೊಣ್ಣೆಯನ್ನು ಹಾಸಿಗೆ ಸುರುಳಿಯಲ್ಲಿ ಕಟ್ಟಿಕೊಂಡು ಬಂದಿದ್ದರು. ನನಗೆ ಒಂದು ಸೀರೆ ತರಲಿಲ್ಲ, ದೊಣ್ಣೆ ತಂದರು. ಅಜ್ಜಂಪುರದ ಹುಡುಗರಿಗೆ ಆ ಆಟ ಹುಚ್ಚು ಹಿಡಿಸಿತು. ಚಿಂದಿ ಬಟ್ಟೆ ಬಿಗಿಯಾಗಿ ಸುತ್ತಿ ಮೇಲೆ ಚರ್ಮ ಹೊಲಿಸಿದ ಚೆಂಡು ಅವರದು. ಹಿಡಿಯಲು ಹೋಗಿ ಅಂಗೈ, ಮೊಣಕಾಲು, ಮೈಯೆಲ್ಲ ಊದಿಸಿಕೊಂಡು ಬರುತ್ತಿದ್ದರು. ಆಟದ ಹೆಸರು ಅವರ ಬಾಯಲ್ಲಿ ಎರಡೇ ದಿನದಲ್ಲಿ ‘ಬಾಸುಂಡೆ ಬಾಲು’ ಆಯಿತು. ಬಾಯಿ ತುಂಬ ಹಾಗೆನ್ನುತ್ತಿದ್ದವು ಮುಂಡೇವು. ನನಗೂ ನಗು ಬರುತ್ತಿತ್ತು.

ಹಿಡಿಯುವುದು ಬರಬೇಕಾದರೆ ಒಬ್ಬರು ನಿಂತು ಮೈದಾನದ ಮೂಲೆಮೂಲೆಗೂ ಚೆಂಡು ಕಳಿಸುತ್ತಲೇ ಇರಬೇಕು. ಎಸೆಯುವುದಂತೂ ಇವರ ಕೈಲಿ ಆಗದು. ದಪ್ಪ ದೊಣ್ಣೆಯಲ್ಲಿ ಹೊಡೆಯಲು ಹೋದರೆ ನಾಲ್ಕು ಏಟಿಗೆ ಭುಜ ಸೆಟೆದುಕೊಂಡು ರಾತ್ರಿಯೆಲ್ಲ ಶಾಖ ಕೊಡಬೇಕಾಗುತ್ತಿತ್ತು. ಆ ಅಮೆರಿಕದವನ ಹತ್ತಿರ ಕಲಿಸುವವರಿಗೆಂದೇ ಬೇರೆ ದೊಣ್ಣೆ ಇತ್ತಂತೆ. ಆಡುವವರದಕ್ಕಿಂತ ಉದ್ದ, ತೆಳ್ಳಗೆ, ಹೂವಿನಷ್ಟು ಹಗುರ. ಸೊಂಟದ ಹತ್ತಿರದಿಂದಲೇ ಬೀಸಿ ಚೆಂಡನ್ನು ಆಕಾಶಕ್ಕೆ ಕಳಿಸಬಹುದು, ಕೈ ಮೇಲೆತ್ತುವ ಪ್ರಮೇಯವೇ ಇಲ್ಲ. ಅಂಥದ್ದೊಂದು ಮಾಡಿಸಬೇಕೆಂದು ನಮ್ಮವರು ಬಡಗಿಯ ಮನೆಗೆ ಹೊರಟರು. ನನ್ನ ಈಳಿಗೆಮಣೆಯ ಕಾಲು ಅಲ್ಲಾಡುತ್ತಿತ್ತು. ನಾನೂ ಹಿಂದೆ ಹೋದೆ.

ಬಡಗಿ ಆಚಾರಿ ಇವರಿಗಿಂತ ಹಿರಿಯ, ಒಳ್ಳೆಯ ಮನುಷ್ಯ. ಅವನ ಮೊಮ್ಮಗನೊಬ್ಬ ಅದೇ ಶಾಲೆಯಲ್ಲಿ ಚಿಕ್ಕ ತರಗತಿಯಲ್ಲಿ ಓದುತ್ತಿದ್ದ. ಅಲ್ಲಿ ನಡೆದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ, ಏಕೆಂದರೆ ಆಮೇಲೆ ಊರೆಲ್ಲ ಅದನ್ನೇ ಜಪ ಮಾಡಿತು.

“ಆಚಾರ್ರೇ, ನಂಗೊಂದು ದೊಣ್ಣೆ ಬೇಕಾಗಿತ್ತು” ಎಂದರು ನಮ್ಮವರು.

“ಏನಕ್ಕೆ ಬುದ್ದೀ?”

“ಸ್ಕೂಲಲ್ಲಿ ಹುಡುಗ್ರಿಗೆ ಹೊಡೆಯೋಕೆ.”

ಆಚಾರಿ ಉಳಿ ಕೆಳಗಿಟ್ಟ. “ಬೆತ್ತ ಸಾಲ್ದಾ?”

“ಬೆತ್ತದಲ್ಲಿ ಹೊಡೆದ್ರೆ ಎಷ್ಟು ದೂರ ಹೋದೀತು? ಇಷ್ಟು ಉದ್ದ ಇರಲಿ. ದುಂಡಗೆ, ಒನಕೆ ತರ. ಒಂದೇ ಏಟಿಗೆ ಮೈದಾನದ ಆ ತುದಿಗೆ ಹಾರಬೇಕು.”

“ಎಷ್ಟು ದೊಡ್ಡ ಹುಡುಗ್ರು?”

“ಚಿಕ್ಕೋರೇ ಜಾಸ್ತಿ. ಚಿಕ್ಕೋರಿದ್ದಾಗ್ಲೇ ಶುರು ಮಾಡಬೇಕು ಕಣ್ರೀ, ಆಗ್ಲೇ ಮೈ ಪಳಗೋದು.”

“ತಪ್ಪು ಮಾಡಿದೋರಿಗಾ?”

“ತಪ್ಪು ಮಾಡಿದೋರಿಗೆ ಇನ್ನೆರಡು ಜಾಸ್ತಿ. ಚೆನ್ನಾಗಿರೋರಿಗೂ ಬಿಡಲ್ಲ. ದಿನಾ ಸಾಯಂಕಾಲ ಎಲ್ರಿಗೂ ಹೊಡೀತೀನಿ.”

ನಾನು ಪಕ್ಕದಲ್ಲೇ ಇದ್ದೆ, ಕಿವಿಯೂ ನೆಟ್ಟಗಿತ್ತು. ಆದರೆ ನನಗೆ ಒಂದೊಂದು ಮಾತಿನಲ್ಲೂ ಅವರು ನುಂಗಿದ ಚೆಂಡು ಕೇಳಿಸುತ್ತಿತ್ತು. ಆಚಾರಿಗೆ ಹುಡುಗರ ಮೂಳೆ ಮುರಿಯುವ ಸದ್ದು ಕೇಳಿಸಿರಬೇಕು. ನನ್ನ ಕಡೆ ಒಂದು ಸಲ ನೋಡಿದ. ಈಳಿಗೆಮಣೆಗೆ ಕಾಲು ಕೂರಿಸಿಕೊಟ್ಟು, ‘ತಾಯೀ, ನೀವಾದ್ರೂ ಹೇಳಬಾರ್ದಾ’ ಎಂದ. ದೊಣ್ಣೆಗೆ ಯಾವ ಮರ ಬೇಕೆಂದು ಕೇಳುತ್ತಿದ್ದಾನೆ ಎಂದುಕೊಂಡು ನಾನು, ‘ಅವರಿಗೆ ತಿಳಿದದ್ದು ಅವರು ಮಾಡಿಸ್ಕೋತಾರೆ ಬಿಡಪ್ಪ’ ಎಂದೆ.

ಅವನು ಮಾಡಿದ್ದೇನು ಗೊತ್ತೆ? ಆಗುವುದಿಲ್ಲ ಎನ್ನುವ ಧೈರ್ಯವಿಲ್ಲ. ಸರ್ಕಾರಿ ಮೇಷ್ಟ್ರು, ಮೇಲಾಗಿ ದಂಡಿನಿಂದ ಬಂದವನು. ಜಾಲಿ, ಮತ್ತಿಯಂಥ ಗಟ್ಟಿ ಮರದಲ್ಲಿ ಮಾಡಿಕೊಟ್ಟರೆ ಮಕ್ಕಳು ಸಾಯುತ್ತವೆ. ಅದಕ್ಕೆ ತರೀಕೆರೆ ಕಡೆಯಿಂದ ಬೊಂಬೆ ತೊಟ್ಟಿಲು ಮಾಡಲೆಂದು ತಂದಿಟ್ಟುಕೊಂಡಿದ್ದ ಹಗುರವಾದ ಶಿವನೆ ಮರದ ತುಂಡು ತೆಗೆದು, ಎಷ್ಟು ತೆಳ್ಳಗೆ ಬರುತ್ತದೋ ಅಷ್ಟು ತೆಳ್ಳಗೆ ಕೆತ್ತಿ, ಎಲ್ಲೂ ಒಂದು ಗಂಟು ಮೈ ತರಚದಂತೆ ಉಜ್ಜಿ, ಎಣ್ಣೆ ಹಚ್ಚಿ ತಂದುಕೊಟ್ಟ. ಮಕ್ಕಳ ಬೆನ್ನಿನ ಮೇಲಿನ ಮರುಕದಿಂದ ಮಾಡಿದ ದೊಣ್ಣೆ ಅದು. ಆ ಮರುಕವೇ ಅದನ್ನು ನಮ್ಮವರು ಬಯಸಿದ್ದ ದೊಣ್ಣೆ ಮಾಡಿತ್ತು. ಕೈಗೆ ತೆಗೆದುಕೊಂಡು ಒಂದು ಸಲ ಬೀಸಿದರು. ಯುದ್ಧದಿಂದ ಬಂದ ಮೇಲೆ ಅವರ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ.

“ಭಲೇ ಆಚಾರ್ರೇ! ಇನ್ನು ಎಷ್ಟು ಹೊಡೆದ್ರೂ ನನ್ನ ಕೈ ನೋಯಲ್ಲ!” ಎಂದರು.

ನಾವು ಕೊಟ್ಟ ಎಲೆ ಅಡಿಕೆಯನ್ನೂ ಮುಟ್ಟದೆ ಆಚಾರಿ ಹೊರಟುಹೋದ. ಕೆಲಸದ ಗಡಿಬಿಡಿ ಇರಬೇಕು ಎಂದುಕೊಂಡೆವು.

ನಮ್ಮ ಬಾಡಿಗೆ ಮನೆಯ ಹಿತ್ತಲಿನ ಗೋಡೆಯಾಚೆಗೇ ಶಾಲೆಯ ಮೈದಾನ. ಸಾಯಂಕಾಲ ಅಕ್ಕಿ ಆರಿಸುತ್ತ ಕೂತರೆ ಎಲ್ಲ ಕಾಣುತ್ತಿತ್ತು. ಅವರು ಎಡಗೈಯಲ್ಲಿ ಚೆಂಡನ್ನು ಸ್ವಲ್ಪ ಚಿಮ್ಮಿಸಿ, ಅದು ಸೊಂಟದ ಮಟ್ಟಕ್ಕೆ ಬೀಳುವಷ್ಟರಲ್ಲಿ ಎರಡೂ ಕೈಯಲ್ಲಿ ದೊಣ್ಣೆ ಹಿಡಿದು ಬೀಸುತ್ತಿದ್ದರು. ಚೆಂಡು ತೆಂಗಿನ ಮರದಷ್ಟೆತ್ತರ ಹೋಗಿ, ಯಾವ ಹುಡುಗನನ್ನು ಕೂಗಿದ್ದರೋ ಅವನ ಹತ್ತಿರವೇ ಇಳಿಯುತ್ತಿತ್ತು. ಹಿಡಿದರೆ ‘ಶಭಾಷ್ ಮಗಾ’, ಬಿಟ್ಟರೆ ‘ಇನ್ನೊಂದು ತಗೋ’. ಕೈ ಬಾರದ ಮನುಷ್ಯ ಅಷ್ಟು ದೂರದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ಬರುವಂತೆ ನನಗೆ ಕಾಣುತ್ತಿತ್ತು. ಕತ್ತಲಾದರೂ ಹುಡುಗರು ಬಿಡುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಉಳಿದುಬಿಡುತ್ತಿತ್ತು ನೋಡಿ, ಅಷ್ಟು ನೋಡುತ್ತಿದ್ದೆ.

ಇತ್ತ ಊರಲ್ಲಿ ಇಲಿ ಹೋಯಿತು ಎಂದದ್ದು ಹುಲಿ ಹೋಯಿತು ಎಂದಾಗುತ್ತಿತ್ತು. ಡ್ರಿಲ್ ಮೇಷ್ಟ್ರು ಹುಡುಗರಿಗೆ ಹೊಡೆಯೋಕೆ ಒನಕೆ ಮಾಡಿಸಿದ್ದಾನೆ, ಆಚಾರಿ ಬಾಯಲ್ಲೇ ಕೇಳಿ. ದಂಡಿನಲ್ಲಿ ಜನ ಕೊಂದು ರುಚಿ ಹತ್ತಿದೆ. ಹೆಂಡತಿಯೂ ಬೇಡ ಅನ್ನಲಿಲ್ಲವಂತೆ, ಮಕ್ಕಳಿಲ್ಲದ ಮನೆ, ಕರುಳು ಎಲ್ಲಿಂದ ಬರಬೇಕು? ಈ ಕೊನೆಯ ಮಾತನ್ನು ಬಾವಿಕಟ್ಟೆಯಲ್ಲಿ ನನ್ನ ಬೆನ್ನ ಹಿಂದೆಯೇ ಯಾರೋ ಆಡಿದರು. ನಾನು ಬಿಂದಿಗೆ ಕುಕ್ಕಿ ಜಗಳಕ್ಕೆ ನಿಂತೆ. ಚೆಂಡಿಗೆ ಹೊಡೆಯುವುದು ಎಂದು ಕಿರುಚಿದೆ. ‘ಚೆಂಡಲ್ಲಿ ಬೇರೆ ಹೊಡೀತಾರಾ?’ ಎಂದಳು ಒಬ್ಬಳು. ಸಿಟ್ಟಿನಲ್ಲಿ ಆಡಿದ ಮಾತನ್ನು ಯಾರು ನಂಬುತ್ತಾರೆ?

ಹಾಗಿರುವಾಗ ಬುಕ್ಕಾಂಬುಧಿಯ ಹುಡುಗನೊಬ್ಬ ಎತ್ತರದ ಚೆಂಡನ್ನು ಹಿಡಿಯಲು ಹೋಗಿ ಬಿಟ್ಟ. ಚೆಂಡು ಕೆನ್ನೆಗೆ ಬಡಿದು ಕಣ್ಣಿನ ಕೆಳಗೆ ಕಪ್ಪಗೆ ಬಾತುಕೊಂಡಿತು. ಅವನು ಅಜ್ಜಂಪುರದಲ್ಲಿ ಅಜ್ಜಿ ಮನೆಯಲ್ಲಿದ್ದುಕೊಂಡು ಓದುತ್ತಿದ್ದವನು. ಏನಾಯಿತೋ ಎಂದು ಅಜ್ಜಿ ಕೇಳಿದರೆ, ‘ಬಾಸುಂಡೆ ಬಾಲು ಅಜ್ಜೀ, ಮೇಷ್ಟ್ರು ನಂಗೆ ಜೋರಾಗಿ ಹೊಡೆದ್ರು’ ಎಂದಿದ್ದಾನೆ. ಅದು ಅವನಿಗೆ ಹೆಮ್ಮೆ. ಚಿಕ್ಕವರಿಗೆ ಮೆಲ್ಲಗೆ, ಗಟ್ಟಿಗರಿಗೆ ಮಾತ್ರ ಜೋರಾಗಿ ಹೊಡೆಯುತ್ತಿದ್ದರು. ಅಜ್ಜಿ ಎದೆ ಬಡಿದುಕೊಂಡಳು. ಬುಕ್ಕಾಂಬುಧಿಯಿಂದ ಅಪ್ಪ ಬಂದ. ಅಲ್ಲಿಂದ ತರೀಕೆರೆಗೆ ಹೋಗಿ ಅರ್ಜಿ ಕೊಟ್ಟು, ಶಾಲೆಗಳ ಇನ್‌ಸ್ಪೆಕ್ಟರು ಅಜ್ಜಂಪುರಕ್ಕೆ ಬರುವ ಹಾಗೆ ಮಾಡಿದ.

ವಿಚಾರಣೆ ಶಾಲೆಯ ಜಗುಲಿಯ ಮೇಲೆ ನಡೆಯಿತು. ನಾನು ಹೆಂಗಸರ ಜೊತೆ ಹೊಂಗೆ ಮರದ ಕೆಳಗೆ ನಿಂತಿದ್ದೆ. ಇನ್‌ಸ್ಪೆಕ್ಟರು ವಯಸ್ಸಾದವರು, ಸೌಮ್ಯ ಮುಖದವರು. ಆಚಾರಿಯನ್ನು ಕೇಳಿದರು. ಅವನು ಕೇಳಿದ್ದನ್ನು ಕೇಳಿದಂತೆ ಹೇಳಿದ, ಒಂದಕ್ಷರ ಸುಳ್ಳಿಲ್ಲ. ನಮ್ಮವರನ್ನು ಕೇಳಿದರು: “ಈ ಮಾತು ಆಡಿದಿರಾ?”

“ಆಡಿದೆ ಸ್ವಾಮಿ.”

ಕೊನೆಗೆ ಹುಡುಗರನ್ನು ಕರೆದು, “ಈ ಮೇಷ್ಟ್ರು ನಿಮಗೆ ಹೊಡೀತಾರೇನ್ರೋ?” ಎಂದರು.

“ಹೂಂ ಸಾರ್, ದಿನಾ ಹೊಡೀತಾರೆ!” ಎಲ್ಲರೂ ಒಟ್ಟಿಗೆ ಕೂಗಿದರು. ತಮ್ಮ ಮೇಷ್ಟ್ರ ಶ್ರದ್ಧೆಯನ್ನು ಹೊಗಳಬೇಕೆಂದೇ ಅವರ ಆಸೆ. ಒಬ್ಬ ಮುಂದೆ ಬಂದು, “ನಂಗೇ ಎಲ್ರಿಗಿಂತ ಜಾಸ್ತಿ ಹೊಡೀತಾರೆ ಸಾರ್” ಎಂದ. ಇನ್ನೊಬ್ಬ ಅವನನ್ನು ತಳ್ಳಿ, “ಸುಳ್ಳು ಸಾರ್, ನಂಗೆ!” ಎಂದ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಕೆಲಸ ಹೋಯಿತು ಎಂದುಕೊಂಡೆ. ಆದರೆ ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಹೀಗೆಂದರು: “ದಂಡಂ ದಶಗುಣಂ ಅಂತಾರೆ. ಹೊಡೀಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ ಮೇಷ್ಟ್ರೇ. ಹೊಡೆಯದೆ ವಿದ್ಯೆ ಬರುತ್ಯೇ? ಆದರೆ ದೊಣ್ಣೆ ಬೇಡ. ಎಲ್ಲರ ಹಾಗೆ ಬೆತ್ತ ಇಟ್ಕೊಳ್ಳಿ, ಸ್ವಲ್ಪ ನೋಡಿ ಹೊಡೀರಿ. ಆಯ್ತಲ್ಲ?”

“ಅಷ್ಟೇ ಬುದ್ದೀ ನಾವು ಕೇಳಿದ್ದು” ಎಂದ ಬುಕ್ಕಾಂಬುಧಿಯವನು. “ಬೆತ್ತದಲ್ಲಿ ಬಿಗೀರಿ, ಬ್ಯಾಡ ಅನ್ನಲ್ಲ. ಒನಕೇಲಿ ಹೊಡೆದ್ರೆ ಜೀವ ಉಳೀತದಾ?”

ಎಲ್ಲರೂ ತಲೆಯಾಡಿಸಿದರು. ಮುಗಿಯಿತು ಎಂದು ನನಗೆ ಉಸಿರು ಬಂತು. ಅವರು ‘ಆಯ್ತು ಸ್ವಾಮಿ’ ಎಂದು ಎರಡು ಪದ ಆಡಿ ಇಳಿದುಬರಬೇಕಾಗಿತ್ತು. ಜನ್ಮವೆಲ್ಲ ಮಾತು ನುಂಗಿದ ಮನುಷ್ಯ ಆ ದಿನ ನುಂಗಲಿಲ್ಲ.

“ಸ್ವಾಮಿ, ನಾನು ಒಬ್ಬ ಹುಡುಗನ ಮೈಯನ್ನೂ ಮುಟ್ಟಿಲ್ಲ. ಹುಡುಗರಿಗೆ ಹೊಡೆಯೋದು ಅಂದ್ರೆ, ಚೆಂಡನ್ನ. ಅವರು ಹಿಡಿಯೋಕೆ” ಎಂದರು.

ಇನ್‌ಸ್ಪೆಕ್ಟರು ನಕ್ಕರು ನೋಡಿ, ಹೊಟ್ಟೆ ಕುಲುಕುವ ಹಾಗೆ! ಬುಕ್ಕಾಂಬುಧಿಯವನು ಮಗನ ತಲೆಗೆ ಮೊಟಕಿ ತಾನೂ ನಕ್ಕ. ಜಗುಲಿಯೆಲ್ಲ ನಗು. ಆಚಾರಿಯೊಬ್ಬನೇ ಕಂಬ ಹಿಡಿದುಕೊಂಡು ನಿಂತಿದ್ದ. ನಾನೂ ನಕ್ಕೆ. ಹೆಂಗಸರ ಮುಂದೆ ತಲೆಯೆತ್ತಿ ನಕ್ಕೆ.

ಇನ್‌ಸ್ಪೆಕ್ಟರು ಆ ನಗುವಿನಲ್ಲೇ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಹೊಸ ಆಟದ ಮೇಲಿನ ಆಸೆಯಿಂದ. “ಅಲ್ಲ ಮೇಷ್ಟ್ರೇ, ಹುಡುಗರು ಚೆಂಡು ಹಿಡಿಯೋಕೆ ದೊಣ್ಣೆ ಯಾಕೆ? ಕೈಯಲ್ಲೇ ಎಸೆದರೆ ಆಗಲ್ವೇ?”

ದೊಣ್ಣೆಯಲ್ಲಾದರೆ ಎತ್ತರ ಹೋಗುತ್ತದೆ ಎಂದಿದ್ದರೆ ಸಾಕಾಗಿತ್ತು. ಅದೂ ನಿಜವೇ, ದೇವರು ಮೆಚ್ಚುವಂಥ ನಿಜ. ಅವರು ಹುಡುಗರ ಕಡೆ ನೋಡಿದರು. ಹುಡುಗರೆಲ್ಲ ನೆಲ ನೋಡುತ್ತಿದ್ದರು. ನಮ್ಮವರು ಬಲಗೈಯನ್ನು ಎದೆಯವರೆಗೆ ಎತ್ತಿದರು. ಅದು ಅಲ್ಲೇ ನಿಂತಿತು. “ಇಷ್ಟೇ ಏಳೋದು ಸ್ವಾಮಿ” ಎಂದರು.

ಇನ್‌ಸ್ಪೆಕ್ಟರ ನಗು ನಿಂತಿತು. ಪಾಪ, ಅವರಿಗೂ ಸಂಕಟವಾಯಿತು. “ಇದನ್ನ ನೀವು ನನಗೆ ಹೇಳಬಾರದಿತ್ತು ಮೇಷ್ಟ್ರೇ. ಕಂಡ ಮೇಲೆ ನಾನು ಬರೆಯಲೇಬೇಕಲ್ಲ” ಎಂದರು. ತಿಂಗಳಾಗುವುದರೊಳಗೆ ಹುಕುಂ ಬಂತು. ಹೊಡೆಯುವ ಮೇಷ್ಟ್ರಿಗೆ ಶಾಲೆಯಲ್ಲಿ ಜಾಗವಿತ್ತು, ಕೈ ಏಳದವರಿಗೆ ಇರಲಿಲ್ಲ.

ವಿಚಾರಣೆಯ ದಿನ ರಾತ್ರಿಯೇ ನಾನು ಆಡಬಾರದ್ದೆಲ್ಲ ಆಡಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಮಗೆ ಬಾಯಿ ಬರಲು ಇದೇ ದಿನ ಬೇಕಾಗಿತ್ತೇ ಎಂದೆ. ಅವರು ಹೇಳಿದರು: “ಆ ಹುಡುಗ್ರು ಇಷ್ಟು ದಿನ ನನ್ನ ಕೈ ಮುಚ್ಚಿಟ್ಟಿದ್ವು ಕಣೇ. ಇನ್‌ಸ್ಪೆಕ್ಟರು ತಿರುಗಿ ಅವರನ್ನ ಕೇಳಿದ್ರೆ ಅವೂ ಸುಳ್ಳು ಹೇಳಬೇಕಾಗ್ತಿತ್ತು. ಹೊಡೆದೆ ಅಂತ ಹೆಂಗೆ ಒಪ್ಕೊಳ್ಳಲಿ, ಅವರ ಮುಂದೆ?” ನನಗೆ ಆಗ ಅದು ಅರ್ಥವಾಗಲಿಲ್ಲ. ಅರ್ಥವಾಗಿದ್ದರೂ ಒಪ್ಪುತ್ತಿರಲಿಲ್ಲ.

ಆಚಾರಿ ಬಂದು ಹೊಸ್ತಿಲ ಹೊರಗೆ ಕೂತು ಅತ್ತ. ನಿಮ್ಮನ್ನು ರಾಕ್ಷಸ ಎಂದುಕೊಂಡು ಹಗುರ ಮರದಲ್ಲಿ ಮಾಡಿದೆ ಎಂದ. ನಮ್ಮವರು, ‘ಒಳ್ಳೇದಾಯ್ತಲ್ಲ, ಒಳ್ಳೆಯವನು ಅಂದ್ಕೊಂಡಿದ್ರೆ ತೇಗದಲ್ಲಿ ಮಾಡಿ ನನ್ನ ಭುಜ ಕೀಳ್ತಿದ್ರಿ’ ಎಂದು ಅವನನ್ನೇ ಸಮಾಧಾನ ಮಾಡಿದರು. ದೊಣ್ಣೆಗಳನ್ನೂ ಚೆಂಡನ್ನೂ ಹುಡುಗರಿಗೇ ಬಿಟ್ಟರು. ನಮ್ಮ ತವರಿನಲ್ಲಿ ಕುರಿಯಿತ್ತು, ರಾಗಿಯ ಹೊಲವಿತ್ತು, ಯಗಟಿಗೆ ಹೋಗುವುದೆಂದಾಯಿತು.

ಹೊರಟ ದಿನ ಸ್ಟೇಷನ್ನಿಗೆ ಹೋಗುವ ಗಾಡಿ ಮೈದಾನದ ಪಕ್ಕದಲ್ಲೇ ಹಾಯಿತು. ಹೊಸ ಡ್ರಿಲ್ ಮೇಷ್ಟ್ರು ಆಗಲೇ ಬಂದಿದ್ದರು. ಎರಡು ಕೈಯನ್ನೂ ನೆಟ್ಟಗೆ ಎತ್ತಬಲ್ಲ ಗಟ್ಟಿಮುಟ್ಟಾದ ಆಳು, ಕಂಕುಳಲ್ಲಿ ಬೆತ್ತ. ಹುಡುಗರೆಲ್ಲ ಸಾಲಾಗಿ ಕೈಗಳನ್ನು ಆಕಾಶಕ್ಕೆ ಚಾಚಿ ನಿಂತಿದ್ದರು. ನಮ್ಮವರು ಗಾಡಿಯವನಿಗೆ ನಿಲ್ಲಿಸಲು ಹೇಳಿದರು. ಹುಡುಗರು ನಮ್ಮನ್ನು ಕಂಡರು, ಆದರೆ ಹುಕುಂ ಇಲ್ಲದೆ ಕೈ ಇಳಿಸುವಂತಿಲ್ಲ. ಕಣ್ಣಲ್ಲೇ ನೋಡುತ್ತಿದ್ದರು. ಬುಕ್ಕಾಂಬುಧಿಯ ಹುಡುಗನಿಗೆ ಮಾತ್ರ ತಡೆಯಲಾಗಲಿಲ್ಲ. ಎತ್ತಿದ್ದ ಕೈ ಇಳಿಸಿ ನಮ್ಮವರಿಗೆ ಮುಗಿದ.

ಬೆತ್ತ ಅವನ ಮೊಣಕಾಲ ಹಿಂದೆ ಬಿತ್ತು. ಒಂದಲ್ಲ, ನಾಲ್ಕೈದು. ನಮ್ಮವರು ಗಾಡಿಯಿಂದ ಧುಮುಕಿ ಬೇಲಿಯವರೆಗೆ ಓಡಿದರು. ಬೇಲಿ ಹಿಡಿದು ನಿಂತುಬಿಟ್ಟರು. ಒಳಗೆ ಹೋಗಲು ಅವರು ಇನ್ನು ಯಾರು? ಹುಡುಗ ಅಳಲಿಲ್ಲ, ಇನ್ನೊಂದು ಸಲ ಕೈ ಮುಗಿಯಲು ಹೋಗಿ ಇನ್ನೆರಡು ತಿಂದ. ಆಗ ನಮ್ಮವರು ಬೇಗಬೇಗ ತಿರುಗಿ ಬಂದು ಗಾಡಿ ಹತ್ತಿ, ‘ಹೊಡಿಯಪ್ಪ, ಬೇಗ ಹೊಡಿ, ನಾವಿಲ್ಲಿದ್ದಷ್ಟೂ ಆ ಮಗೂಗೆ ಏಟು’ ಎಂದರು.

ಗಾಡಿ ಹೊರಟ ಮೇಲೆ ನನ್ನ ಮಡಿಲಿಗೆ ಮುಖ ಒತ್ತಿಕೊಂಡರು. ಗುಂಡು ತಿಂದಾಗಲೂ ಅತ್ತವರಲ್ಲ.

“ನಾನು ಸುಮ್ಮನಿದ್ದಿದ್ರೆ ಈಗ ಅಲ್ಲಿ ನಾನೇ ಇರ್ತಿದ್ದೆ ಕಣೇ” ಎಂದರು. “ಯಾರೂ ಹೊಡೀತಿರಲಿಲ್ಲ.”

ಅದೇ ಮಾತನ್ನು ತಿಂಗಳಿಂದ ಅವರ ಮೇಲೆ ಎಸೆಯುತ್ತಿದ್ದವಳು ನಾನು. ಅವರ ಬಾಯಲ್ಲಿ ಕೇಳಿದ ಮೇಲೆ ನನಗದು ಬೇಡವಾಗಿತ್ತು. ಇಲ್ಲ, ನೀವು ಮಾಡಿದ್ದೇ ಸರಿ ಎಂದೆ. ಅವರು ನಂಬಲಿಲ್ಲ.